ದಂಡು ಬಂದ ಊರಿನ ಮಕ್ಕಳು: ಅಥಣಿ 1679 ಮತ್ತು ನಮ್ಮ ಬಾಲಸಾಹಿತ್ಯ

ವಿರಾಟಪರ್ವದ ಉತ್ತರಕುಮಾರನ ಪ್ರಸಂಗವನ್ನು ಪಾಠ ಮಾಡುವಾಗ ತರಗತಿಯಲ್ಲಿ ನಗು ಏಳುವುದು ನಿಶ್ಚಿತ. ಕುಮಾರವ್ಯಾಸನು ಅದನ್ನು ನಗಿಸುವುದಕ್ಕಾಗಿಯೇ ಬರೆದಿದ್ದಾನೆ. ಅಂತಃಪುರದ ಹೆಂಗಳೆಯರ ಮುಂದೆ ಕೌರವರನ್ನು ತೃಣವಾಗಿ ಎಣಿಸಿ ಮಾತನಾಡಿದ ಹುಡುಗ, ಆ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನು ಅವನನ್ನು ಬೆನ್ನಟ್ಟಿ ಹಿಡಿದು ತರುತ್ತಾನೆ. ಅಧ್ಯಾಪಕ ವೃತ್ತಿಗೆ ಬಂದಂದಿನಿಂದ ಈ ಭಾಗವನ್ನು ಹಲವು ಬಾರಿ ಪಾಠ ಮಾಡಿದ್ದೇನೆ, ಪ್ರತಿ ಬಾರಿಯೂ ವಿದ್ಯಾರ್ಥಿಗಳೊಡನೆ ನಾನೂ ನಕ್ಕಿದ್ದೇನೆ.

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯೊಂದರಲ್ಲಿ ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಸರ್, ಅವಗ ಅಂಜಿಕಿ ಬಂತು ಅಂದ್ರ ನಾವ್ಯಾಕ ನಗಬೇಕ್ರೀ? ಅಷ್ಟು ದೊಡ್ಡ ದಂಡು ನೋಡಿದ್ರ ಯಾರಿಗರೆ ಅಂಜಿಕಿ ಬರೂದಿಲ್ಲೇನ್ರೀ?" ಎಂದು ಕೇಳಿದಳು. ಆಕೆಯ ಅಣ್ಣ ಸೈನ್ಯದಲ್ಲಿದ್ದು, ಆಗ ಗಡಿಯ ಠಾಣೆಯೊಂದರಲ್ಲಿದ್ದನೆಂಬುದು ನನಗೆ ಆಮೇಲೆ ತಿಳಿಯಿತು. ಹಾಸ್ಯರಸದ ಲಕ್ಷಣವನ್ನೂ, ಬಡಾಯಿಗೆ ಕಾವ್ಯದಲ್ಲಿ ದೊರೆಯುವ ದಂಡನೆಯನ್ನೂ ವಿವರಿಸಿ ನಾನು ಉತ್ತರ ಹೇಳಿದೆ. ಆಕೆ ಕುಳಿತುಕೊಂಡಳು. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅದು ಆಕೆಯ ಪ್ರಶ್ನೆಗೆ ಉತ್ತರವಾಗಿರಲಿಲ್ಲ ಎಂಬುದು ಅಂದಿನಿಂದಲೂ ನನ್ನನ್ನು ಬಾಧಿಸುತ್ತಿದೆ.

ಯುದ್ಧಕಾಲದಲ್ಲಿ ಬೆಳೆಯುವ ಮಗುವಿಗೆ ಏನಾಗುತ್ತದೆ? ಮಕ್ಕಳಿಗೂ ಕಿಶೋರರಿಗೂ ನಾವು ಕೊಡುತ್ತ ಬಂದಿರುವ ಕಥೆಗಳು ಈ ಪ್ರಶ್ನೆಗೆ ಏನು ಹೇಳಿವೆ? ನಮ್ಮ ಅಥಣಿಯ ಇತಿಹಾಸ ಏನು ಹೇಳುತ್ತದೆ? ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಲವೀರರ ಪರಂಪರೆ

ಕನ್ನಡದ ಮಕ್ಕಳು ಕೇಳಿ ಬೆಳೆಯುವ ಯುದ್ಧದ ಕಥೆಗಳಲ್ಲಿ ಬಾಲಕರಿಗೆ ಕೊರತೆಯಿಲ್ಲ. ಮೊದಲು ನೆನಪಾಗುವವನು ಅಭಿಮನ್ಯು. ತಾಯಿಯ ಗರ್ಭದಲ್ಲಿಯೇ ಚಕ್ರವ್ಯೂಹವನ್ನು ಹೊಗುವ ಬಗೆಯನ್ನು ಕೇಳಿ ತಿಳಿದವನು, ಹೊರಬರುವ ಬಗೆಯನ್ನು ತಿಳಿಯದೆ ಮಡಿದವನು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಭ್ರುವಾಹನ ಬರುತ್ತಾನೆ, ಲವಕುಶರು ಬರುತ್ತಾರೆ. ಮೂವರೂ ತಂದೆಯ ನೆರಳಿಲ್ಲದೆ ಬೆಳೆದವರು. ಮೂವರ ಕಥೆಯಲ್ಲಿಯೂ ಯಜ್ಞಾಶ್ವವು ಮಕ್ಕಳಿದ್ದಲ್ಲಿಗೆ ಬರುತ್ತದೆ, ಅದರ ಹಿಂದೆಯೇ ತಂದೆಯ ದಂಡು ಬರುತ್ತದೆ. ತಂದೆ ಮಕ್ಕಳು ರಣರಂಗದಲ್ಲಿ ಎದುರಾಗುತ್ತಾರೆ.

ಆಧುನಿಕ ಕಾಲದಲ್ಲಿ ಮಕ್ಕಳ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಪಂಜೆ ಮಂಗೇಶರಾಯರು 1924ರಲ್ಲಿ ತುಳು ಪಾಡ್ದನಗಳನ್ನು ಆಧರಿಸಿ 'ಕೋಟಿ ಚೆನ್ನಯ' ಬರೆದರು. ತಾಯಿ ದೇಯಿಯನ್ನು ಶೈಶವದಲ್ಲಿಯೇ ಕಳೆದುಕೊಂಡ ಅವಳಿ ಮಕ್ಕಳು ಮಾವನ ಆಶ್ರಯದಲ್ಲಿ ಬೆಳೆದು, ಅನ್ಯಾಯಕ್ಕೆ ಎದುರು ನಿಂತು, ಊರು ಬಿಟ್ಟು, ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಮಡಿಯುವ ಕಥೆ ಅದು. ನಮ್ಮ ಕಡೆ ಓದುವ ಹುಚ್ಚಿದ್ದ ಹುಡುಗರು ಗಳಗನಾಥರ ಕಾದಂಬರಿಗಳಿಂದ ಕೋಟೆ ಕೊತ್ತಲಗಳ ಲೋಕವನ್ನು ಪ್ರವೇಶಿಸಿದರು. ಅನಂತರದ ತಲೆಮಾರಿನವರಿಗೆ ಚಂದಮಾಮದ ರಾಜಕುಮಾರರು ದೊರೆತರು. 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯವು ಪ್ರಕಟಿಸಿದ ಭಾರತ ಭಾರತಿ ಮಾಲೆಯ ಕಿರುಹೊತ್ತಿಗೆಗಳು ಊರೂರಿನ ಶಾಲೆಗಳನ್ನು ತಲುಪಿದವು. ನಾನೂ ಆ ಹೊತ್ತಿಗೆಗಳನ್ನು ಓದಿ ಬೆಳೆದವನೇ. ಅವುಗಳ ಋಣವನ್ನು ಅಲ್ಲಗಳೆಯಲಾರೆ.

ಆದರೆ ಈ ಕಥೆಗಳನ್ನು ಸಾಲಾಗಿ ಇಟ್ಟು ಓದಿದಾಗ ಒಂದು ಸಮಾನ ಲಕ್ಷಣ ಎದ್ದು ಕಾಣುತ್ತದೆ. ಯುದ್ಧ ಬಂದೊಡನೆ ಮಗು ಒಂದೇ ನೆಗೆತಕ್ಕೆ ಯೋಧನಾಗುತ್ತದೆ. ಬಾಲ್ಯಕ್ಕೂ ವೀರತ್ವಕ್ಕೂ ನಡುವೆ ಇರಬೇಕಾದ ಕಾಲಾವಧಿಯೇ ಇಲ್ಲ. ಹಸಿವು, ಕತ್ತಲೆ, ಊರು ಬಿಟ್ಟು ಓಡುವುದು, ತಾಯಿಯ ಕೈ ತಪ್ಪಿಹೋಗುವುದು, ತಮ್ಮನನ್ನು ಹೊತ್ತು ನಡೆಯುವ ಅಕ್ಕ, ಇವು ಯಾವುವೂ ಕಥೆಯ ಒಳಗೆ ಬರುವುದಿಲ್ಲ. ಅಂಜಿಕೆ ಒಂದು ಕಡೆ ಬಂದಿದೆ, ಉತ್ತರಕುಮಾರನಲ್ಲಿ. ಅಲ್ಲಿ ಅದು ನಗೆಯ ವಸ್ತುವಾಗಿದೆ.

ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ನೋಡಿದವರಿಗೆ ಈ ರಚನೆ ಪರಿಚಿತ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ದೇವಸನ್ನಿಧಿ. ಮನೆಯಲ್ಲಿ ಉಳಿದ ಕೂಸಿಗೆಂದು ನಾಲ್ಕನೆಯ ಪಟ್ಟಿಕೆಯನ್ನು ಶಿಲ್ಪಿ ಬಿಡಿಸುವ ವಾಡಿಕೆ ಇರಲಿಲ್ಲ.

ಅಥಣಿಗೆ ಬಂದ ದಂಡು

ಆ ನಾಲ್ಕನೆಯ ಪಟ್ಟಿಕೆಯನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. ಅಥಣಿಯು ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ ಹೆಸರಾಂತ ಪೇಟೆಯಾಗಿತ್ತು. ಬಿಜಾಪುರಕ್ಕೂ ಗೋವೆಗೂ ನಡುವಣ ದೊಡ್ಡ ಮಾರುಕಟ್ಟೆಯೆಂದು ಇದರ ಉಲ್ಲೇಖ 1639ರ ಹೊತ್ತಿನ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋನ ಬರಹದಲ್ಲಿದೆ. ಇಂಗ್ಲಿಷ್ ಪ್ರವಾಸಿ ಫ್ರೈಯರ್ 1675ರ ಸುಮಾರಿಗೆ ಬಿಜಾಪುರ ರಾಜ್ಯದ ಮುಖ್ಯ ಪೇಟೆಗಳ ಸಾಲಿನಲ್ಲಿ ಇದನ್ನು ಸೇರಿಸಿದ್ದಾನೆ. ಸಂಪತ್ತಿದ್ದ ಊರು ದಂಡಿನ ಕಣ್ಣಿಗೆ ಬೀಳುವುದು ಸಹಜ.

1679ರ ಶರತ್ಕಾಲದಲ್ಲಿ ಮೊಗಲ ಸೇನಾಪತಿ ದಿಲೇರಖಾನನು ಬಿಜಾಪುರದ ಮೇಲೆ ಏರಿಬಂದನು. ನಗರ ಕೈವಶವಾಗಲಿಲ್ಲ. ನವೆಂಬರ್ 14ರಂದು ಅವನು ಅಲ್ಲಿಂದ ದಂಡು ಕಿತ್ತು ಪಶ್ಚಿಮಕ್ಕೆ, ಮೀರಜ ಮತ್ತು ಪನ್ಹಾಳದ ಕಡೆಗೆ ಹೊರಟನು. ಇತಿಹಾಸಕಾರ ಜದುನಾಥ ಸರ್ಕಾರ್ ಅವರು ಶಿವಾಜಿಯನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ದಾರಿಯನ್ನು ಊರೂರು ಹಿಡಿದು ಗುರುತಿಸಿದ್ದಾರೆ. ಮೊದಲು ಸಿಕ್ಕಿದ್ದು ತಿಕೋಟಾ. ಸುತ್ತಲಿನ ಜನರು ತಮ್ಮ ಒಡವೆ ವಸ್ತುಗಳೊಡನೆ ಅಲ್ಲಿ ಆಶ್ರಯ ಪಡೆದಿದ್ದರು. ದಂಡು ಬಂದಿತೆಂದು ತಿಳಿದಾಗ ಹಿಂದೂ ಮತ್ತು ಮುಸಲ್ಮಾನ ಮನೆತನಗಳ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಾವಿಗಳಿಗೆ ಹಾರಿದರು. ಎರಡೂ ಮತಗಳ ಸುಮಾರು 3000 ಜನ ಸೆರೆಯಾದರು. ಅವರನ್ನು ಗುಲಾಮರನ್ನಾಗಿ ಮಾರುವ ಉದ್ದೇಶವಿತ್ತು. ಅಲ್ಲಿಂದ ಹೊನವಾಡ, ಹೊನವಾಡದಿಂದ ತೆಲಸಂಗ, ತೆಲಸಂಗದಿಂದ ಅಥಣಿ. ಇಂದು ಬಿಜಾಪುರದ ಕಡೆಯಿಂದ ಬರುವ ನಮಗೆ ಇವು ದಿನನಿತ್ಯದ ಊರುಗಳು.

ಅಥಣಿಯನ್ನು ಸುಡಲಾಯಿತು. ಇಲ್ಲಿನ ನಿವಾಸಿಗಳನ್ನೂ ಗುಲಾಮರನ್ನಾಗಿ ಮಾರಬೇಕೆಂದು ದಿಲೇರಖಾನನು ಸೂಚಿಸಿದನು. ಆಗ ಅವನ ಪಾಳೆಯದಲ್ಲಿದ್ದ ಒಬ್ಬ ತರುಣನು ಇದನ್ನು ವಿರೋಧಿಸಿದನು. ಅವನು ಶಿವಾಜಿಯ ಮಗ ಸಂಭಾಜಿ. ತಂದೆಯೊಡನೆ ಮನಸ್ತಾಪ ಹುಟ್ಟಿ, ಹಿಂದಿನ ವರ್ಷದ ಡಿಸೆಂಬರಿನಲ್ಲಿ ಮೊಗಲರನ್ನು ಸೇರಿದ್ದನು. ಅವನ ಮಾತು ನಡೆಯಲಿಲ್ಲ. ನವೆಂಬರ್ 20ರ ರಾತ್ರಿ ಅವನು ಗಂಡುಡುಗೆ ತೊಟ್ಟ ಹೆಂಡತಿ ಯೇಸೂಬಾಯಿ ಮತ್ತು ಹತ್ತು ಜನ ಸವಾರರೊಡನೆ ಪಾಳೆಯದಿಂದ ತಪ್ಪಿಸಿಕೊಂಡು ಬಿಜಾಪುರ ಸೇರಿದನು. ದಂಡು ಅಥಣಿಯಿಂದ ಐನಾಪುರದ ಕಡೆ ಸಾಗುವಾಗ ದಿಲೇರಖಾನನಿಗೆ ಸುದ್ದಿ ಮುಟ್ಟಿತು. ಡಿಸೆಂಬರ್ 4ಕ್ಕೆ ಸಂಭಾಜಿ ಪನ್ಹಾಳವನ್ನು ತಲುಪಿ ತಂದೆಯ ಪಕ್ಷಕ್ಕೆ ಮರಳಿದನು.

ಇತಿಹಾಸದ ಪುಸ್ತಕಗಳಲ್ಲಿ ಅಥಣಿ ಇಷ್ಟರಮಟ್ಟಿಗೆ ಕಾಣಿಸಿಕೊಂಡು ಮರೆಯಾಗುತ್ತದೆ. ಒಬ್ಬ ರಾಜಕುಮಾರನ ಮನಸ್ಸು ತಿರುಗಿದ ಸ್ಥಳವೆಂಬುದೇ ಅದರ ಮಹತ್ವ. ಸುಟ್ಟ ಪೇಟೆಯ ಮಕ್ಕಳ ಹೆಸರು ಯಾವ ಬಖರಿನಲ್ಲಿಯೂ ತವಾರೀಖಿನಲ್ಲಿಯೂ ಬರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಘಟನೆಯನ್ನು ಒಂದು ಮತದವರ ಮೇಲೆ ಇನ್ನೊಂದು ಮತದವರು ಎಸಗಿದ ಕೃತ್ಯವೆಂದು ಮಕ್ಕಳಿಗೆ ಹೇಳುವುದು ಸುಲಭ. ಆದರೆ ದಾಖಲೆ ಅದಕ್ಕೆ ಅವಕಾಶ ಕೊಡುವುದಿಲ್ಲ. ತಿಕೋಟೆಯ ಬಾವಿಗಳಲ್ಲಿ ಎರಡೂ ಮತಗಳ ತಾಯಂದಿರು ಮಕ್ಕಳೊಡನೆ ಮುಳುಗಿದರು. ಅದೇ ನವೆಂಬರ್ ತಿಂಗಳಿನಲ್ಲಿ ಮರಾಠರ ಕುದುರೆದಂಡು ಮೊಗಲರ ಸೀಮೆಗೆ ನುಗ್ಗಿ ಜಾಲ್ನಾ ಪೇಟೆಯನ್ನು ಸೂರೆಮಾಡಿತು. ಜಾಲ್ನಾದಲ್ಲಿಯೂ ಅಥಣಿಯಂತೆ ಅಂಗಡಿಗಳಿದ್ದವು, ಮನೆಗಳಿದ್ದವು, ಮನೆಗಳಲ್ಲಿ ಮಕ್ಕಳಿದ್ದರು.

ಒಂದೇ ಯುದ್ಧದ ನಾಲ್ಕು ಬಾಲ್ಯಗಳು

ಹೆಸರಿಲ್ಲದ ಮಕ್ಕಳ ಬಗೆಗೆ ಇತಿಹಾಸ ಮೌನವಾಗಿದ್ದರೂ, ಇದೇ ಯುದ್ಧಸರಣಿಯಲ್ಲಿ ಬೆಳೆದ, ಹೆಸರು ಉಳಿದ ಕೆಲವರ ಬದುಕನ್ನು ನೋಡಿದರೆ ಯುದ್ಧವು ಬಾಲ್ಯವನ್ನು ಹೇಗೆ ರೂಪಿಸುತ್ತದೆಂಬುದು ತಿಳಿಯುತ್ತದೆ.

ಮೊದಲನೆಯವನು ಸಂಭಾಜಿಯೇ. 1657ರ ಮೇ 14ರಂದು ಹುಟ್ಟಿದ ಅವನಿಗೆ ಎರಡು ವರ್ಷ ತುಂಬಿದ ಕೆಲವೇ ತಿಂಗಳಿಗೆ ತಾಯಿ ಸಯೀಬಾಯಿ ತೀರಿಕೊಂಡಳು. ಅಜ್ಜಿ ಜೀಜಾಬಾಯಿ ಸಾಕಿದಳು. 1665ರ ಪುರಂದರದ ಒಪ್ಪಂದದ ಪ್ರಕಾರ ಎಂಟು ವರ್ಷದ ಬಾಲಕನು ಮೊಗಲರ ಮನಸಬುದಾರನಾಗಬೇಕಾಯಿತು. ಮರುವರ್ಷ ತಂದೆಯೊಡನೆ ಆಗ್ರಾಕ್ಕೆ ಹೋಗಿ ಅಲ್ಲಿ ಬಂಧಿಯಾದನು. ಆಗಸ್ಟ್ ತಿಂಗಳಲ್ಲಿ ಶಿವಾಜಿ ಆಗ್ರಾದಿಂದ ಪಾರಾದಾಗ, ಒಂಬತ್ತು ವರ್ಷದ ಮಗನನ್ನು ಮಥುರೆಯಲ್ಲಿ ಒಂದು ಬ್ರಾಹ್ಮಣ ಕುಟುಂಬದ ವಶದಲ್ಲಿ ಬಿಟ್ಟು ಮುಂದೆ ಸಾಗಿದನು. ಬಾಲಕನು ಅನಂತರ ಊರು ಸೇರಿದನು. ಮಿಠಾಯಿ ಬುಟ್ಟಿಗಳ ಆ ಪಾರಾಗುವಿಕೆಯನ್ನು ನಮ್ಮ ಮಕ್ಕಳು ಬಲು ಇಷ್ಟದಿಂದ ಕೇಳುತ್ತಾರೆ. ಅಪರಿಚಿತರ ಮನೆಯಲ್ಲಿ, ಪರಭಾಷೆಯ ಊರಿನಲ್ಲಿ, ತಂದೆ ಬದುಕಿದ್ದಾನೋ ಇಲ್ಲವೋ ತಿಳಿಯದೆ ದಿನ ಕಳೆದ ಬಾಲಕನ ಕಥೆ ಮಾತ್ರ ಆ ಕಥೆಯ ಹೊರಗೆ ನಿಂತಿದೆ. ಮುಂದೆ ತಂದೆ ಮಗನ ನಡುವೆ ಬಂದ ಬಿರುಕಿಗೆ ಇತಿಹಾಸಕಾರರು ಹಲವು ಕಾರಣ ಕೊಡುತ್ತಾರೆ. ಮಥುರೆಯ ಆ ದಿನಗಳನ್ನೂ ಆ ಕಾರಣಗಳ ಜೊತೆಗಿಟ್ಟು ಯೋಚಿಸಬೇಕೆಂದು ನನಗೆ ಅನ್ನಿಸುತ್ತದೆ. ಅಥಣಿಯ ಜನರನ್ನು ಮಾರಬಾರದೆಂದು ಹೇಳಿದವನು ಒಮ್ಮೆ ತಾನೇ ಒತ್ತೆಯ ವಸ್ತುವಾಗಿದ್ದವನು ಎಂಬುದನ್ನೂ ಮರೆಯಬಾರದು.

ಎರಡನೆಯವನು ಬಿಜಾಪುರದ ಕೊನೆಯ ಸುಲ್ತಾನ ಸಿಕಂದರ ಆದಿಲಶಹ. 1668ರಲ್ಲಿ ಹುಟ್ಟಿ, 1672ರಲ್ಲಿ ತಂದೆ ಎರಡನೆಯ ಅಲಿ ತೀರಿಕೊಂಡಾಗ ನಾಲ್ಕು ವರ್ಷದ ಕೂಸಾಗಿ ಪಟ್ಟವೇರಿದನು. ರಾಜ್ಯವನ್ನು ಆಳಿದವರು ಅವನ ಹೆಸರಿನಲ್ಲಿ ಪರಸ್ಪರ ಕಾದಾಡಿದ ಸರದಾರರು. ಅಥಣಿ ಸುಟ್ಟುಹೋದಾಗ ಅವನಿಗೆ ಹನ್ನೊಂದು ವರ್ಷ. ಅಥಣಿಯವರಿಗೆ ಅವನೇ ದೊರೆ. ತನ್ನ ಪ್ರಜೆಗಳನ್ನು ಕಾಯುವುದಿರಲಿ, ತನ್ನ ಅರಮನೆಯಲ್ಲಿ ನಡೆಯುವುದೂ ಅವನ ಕೈಯಲ್ಲಿರಲಿಲ್ಲ. 1686ರ ಸೆಪ್ಟೆಂಬರ್ 12ರಂದು ಬಿಜಾಪುರ ಔರಂಗಜೇಬನ ವಶವಾದಾಗ ಹದಿನೆಂಟರ ಹರೆಯದಲ್ಲಿ ಸೆರೆಯಾದನು, 1700ರಲ್ಲಿ ಸೆರೆಯಲ್ಲಿಯೇ ಮಡಿದನು. ಚಿನ್ನದ ಸಿಂಹಾಸನದ ಮೇಲೆ ಕುಳಿತ ಬಾಲರಾಜನ ಕಥೆಗಳನ್ನು ಓದುವ ಮಕ್ಕಳಿಗೆ ಈ ಬಾಲರಾಜನ ಪರಿಚಯವೂ ಆಗಬೇಕು.

ಮೂರನೆಯವಳು ಅವನ ಸೋದರಿ ಶಹರಬಾನು. ಜನರು ಅವಳನ್ನು ಪಾದಶಾಹ ಬೀಬಿ ಎಂದು ಕರೆಯುತ್ತಿದ್ದರು. ಅವಳನ್ನು ಮೊಗಲ ರಾಜಕುಮಾರ ಆಜಮನಿಗೆ ಮದುವೆ ಮಾಡಿಕೊಡಬೇಕೆಂಬ ಬೇಡಿಕೆ ಬಂದಿತ್ತು. ನಗರವೂ ತಮ್ಮನ ಸಿಂಹಾಸನವೂ ಉಳಿಯಲೆಂದು 1679ರ ಜುಲೈ ತಿಂಗಳಲ್ಲಿ ಅವಳು ತವರು ಬಿಟ್ಟು ಮೊಗಲರ ಪಾಳೆಯಕ್ಕೆ ಹೊರಟಳು. ನಗರದ ಜನ ಅತ್ತರು. ಅವಳ ತ್ಯಾಗದಿಂದ ಯುದ್ಧ ನಿಲ್ಲಲಿಲ್ಲ. ಕೆಲವೇ ತಿಂಗಳಲ್ಲಿ ದಿಲೇರಖಾನನ ದಂಡು ಬಿಜಾಪುರದ ಹೊರವಲಯಕ್ಕೆ ಬಂದು, ಅಲ್ಲಿಂದ ನಮ್ಮ ಊರಿನ ದಾರಿ ಹಿಡಿಯಿತು.

ನಾಲ್ಕನೆಯವನು ಸಂಭಾಜಿಯ ಮಗ ಶಾಹು, 1682ರಲ್ಲಿ ಹುಟ್ಟಿದವನು. 1689ರ ಮಾರ್ಚಿಯಲ್ಲಿ ತಂದೆಯನ್ನು ಔರಂಗಜೇಬನು ಕೊಲ್ಲಿಸಿದನು. ಅದೇ ವರ್ಷ ರಾಯಗಡ ಬಿದ್ದಾಗ ಏಳು ವರ್ಷದ ಶಾಹು ತಾಯಿ ಯೇಸೂಬಾಯಿಯೊಡನೆ ಸೆರೆಯಾದನು. ಮುಂದಿನ ಹದಿನೆಂಟು ವರ್ಷ ಅವನು ಬೆಳೆದದ್ದು ತನ್ನ ತಂದೆಯನ್ನು ಕೊಂದವರ ಪಾಳೆಯದಲ್ಲಿ. ಅಲ್ಲಿ ಅವನ ಮೇಲೆ ಮಮತೆ ತೋರಿದವಳು ಔರಂಗಜೇಬನ ಮಗಳು ಜೀನತುನ್ನಿಸಾ. ಶತ್ರುವೆಂಬ ಪದವನ್ನು ಅವನು ಯಾವ ಅರ್ಥದಲ್ಲಿ ಕಲಿತಿರಬೇಕು? ಕಿಶೋರರಿಗಾಗಿ ಬರೆಯುವ ಯಾವ ಕಾದಂಬರಿಕಾರನಿಗೂ ಇದಕ್ಕಿಂತ ಸಮೃದ್ಧವಾದ ವಸ್ತು ದೊರೆಯುವುದು ಕಷ್ಟ.

ಗಂಡುಡುಗೆಯಲ್ಲಿ ಅಥಣಿಯ ಬಳಿಯ ಪಾಳೆಯದಿಂದ ರಾತ್ರಿ ತಪ್ಪಿಸಿಕೊಂಡ ಯೇಸೂಬಾಯಿಯೇ ಹತ್ತು ವರ್ಷಗಳ ಅನಂತರ ಮಗನೊಡನೆ ಸೆರೆಯಾದವಳು. ಈ ನಾಲ್ವರಲ್ಲಿ ಯಾರೊಬ್ಬರ ಬಾಲ್ಯವೂ ಅಭಿಮನ್ಯುವಿನ ಮಾದರಿಗೆ ಹೊಂದುವುದಿಲ್ಲ. ಒತ್ತೆಯಾಗುವುದು, ಹೆಸರಿಗೆ ಮಾತ್ರ ರಾಜನಾಗುವುದು, ಸಂಧಿಯ ಷರತ್ತಾಗುವುದು, ಶತ್ರುವಿನ ಮನೆಯಲ್ಲಿ ಬೆಳೆಯುವುದು, ಇವು ಯುದ್ಧವು ಮಕ್ಕಳಿಗೆ ಕೊಡುವ ನಿಜವಾದ ಪಾತ್ರಗಳು. ಅರಮನೆಯ ಮಕ್ಕಳ ಪಾಡು ಹೀಗಾದರೆ ಪೇಟೆಯ ಮಕ್ಕಳ ಪಾಡನ್ನು ಊಹಿಸಿಕೊಳ್ಳಬಹುದು.

ಹೊರಗಿನ ಸಾಹಿತ್ಯ ಕಂಡುಕೊಂಡದ್ದು

ಇಂಥ ಬಾಲ್ಯಗಳನ್ನು ಮಕ್ಕಳ ಕಥೆಯಾಗಿಸಲು ಸಾಧ್ಯವೇ? ಎರಡನೆಯ ಮಹಾಯುದ್ಧದ ಅನಂತರ ಬೇರೆ ಭಾಷೆಗಳ ಲೇಖಕರು ಸಾಧ್ಯವೆಂದು ತೋರಿಸಿಕೊಟ್ಟರು. ಇಂಗ್ಲೆಂಡಿನ ಇಯಾನ್ ಸೆರೈಲಿಯರ್ 1956ರಲ್ಲಿ ಪ್ರಕಟಿಸಿದ 'ದಿ ಸಿಲ್ವರ್ ಸೋರ್ಡ್' ಎಂಬ ಕಾದಂಬರಿಯಲ್ಲಿ ವಾರ್ಸಾದ ಮೂವರು ಒಡಹುಟ್ಟಿದವರು ತಂದೆತಾಯಿಯರನ್ನು ಅರಸುತ್ತ ಪಾಳುಬಿದ್ದ ಯುರೋಪನ್ನು ದಾಟಿ ಸ್ವಿಟ್ಜರ್‌ಲ್ಯಾಂಡಿನ ಕಡೆ ನಡೆಯುತ್ತಾರೆ. ಅಕ್ಕ ರೂತ್ ತಾಯಿಯ ಸ್ಥಾನದಲ್ಲಿ ನಿಲ್ಲುತ್ತಾಳೆ. ತಮ್ಮ ಎಡೆಕ್ ಕ್ಷಯರೋಗಿಯಾಗುತ್ತಾನೆ. ಜೊತೆಗೆ ಸೇರಿಕೊಂಡ ಯಾನ್ ಎಂಬ ಅನಾಥ ಹುಡುಗ ಕದ್ದು, ಸುಳ್ಳು ಹೇಳಿ ಬದುಕುವುದನ್ನು ಕಲಿತಿದ್ದಾನೆ. ಯುದ್ಧ ಮುಗಿದರೂ ಅವನ ಒಳಗಿನ ಯುದ್ಧ ಮುಗಿಯುವುದಿಲ್ಲ. ಶೀರ್ಷಿಕೆಯ ಬೆಳ್ಳಿಯ ಕತ್ತಿಯು ಕಾಗದ ಕತ್ತರಿಸುವ ಒಂದು ಚಿಕ್ಕ ಅಲಗು ಮಾತ್ರ. ಅದರಿಂದ ಯಾರೂ ಸಾಯುವುದಿಲ್ಲ, ಅದನ್ನು ಹಿಡಿದು ಮಕ್ಕಳು ತಂದೆಯ ಗುರುತು ಹುಡುಕುತ್ತಾರೆ.

ಜಪಾನಿನ ಕೇಜಿ ನಾಕಾಜಾವಾ ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಆರು ವರ್ಷದವನು. ತಂದೆ, ಅಕ್ಕ, ತಮ್ಮ ಮೂವರನ್ನೂ ಕಳೆದುಕೊಂಡ ಅವನು 1973ರಿಂದ 'ಬೇರ್‌ಫುಟ್ ಗೆನ್' ಎಂದು ಲೋಕಕ್ಕೆ ಪರಿಚಿತವಾದ ಚಿತ್ರಕಥೆಯನ್ನು ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದನು. ಸೋವಿಯತ್ ಲೇಖಕ ಅರ್ಕಾದಿ ಗೈದಾರ್ ಹದಿನಾಲ್ಕರ ಹರೆಯದಲ್ಲಿ ಕೆಂಪುಸೇನೆ ಸೇರಿದವನು, 1941ರ ಯುದ್ಧದಲ್ಲಿ ಮಡಿದವನು. ಅವನು 1940ರಲ್ಲಿ ಬರೆದ ತಿಮೂರ್ ಮತ್ತು ಅವನ ತಂಡದ ಕಥೆಯಲ್ಲಿ ಹುಡುಗರು ರಣರಂಗಕ್ಕೆ ಹೋಗುವುದಿಲ್ಲ. ಸೈನಿಕರ ಮನೆಗಳಿಗೆ ಯಾರಿಗೂ ತಿಳಿಯದಂತೆ ನೀರು ತುಂಬುತ್ತಾರೆ, ಕಟ್ಟಿಗೆ ಒಟ್ಟುತ್ತಾರೆ. ಬಾಲಯೋಧನಾಗಿದ್ದ ಲೇಖಕನೇ ಮಕ್ಕಳಿಗೆ ಈ ಬಗೆಯ ಕೆಲಸವನ್ನು ವಹಿಸಿದನೆಂಬುದು ಗಮನಾರ್ಹ. ಆ ವ್ಯವಸ್ಥೆಯ ಪ್ರಚಾರದ ಧ್ವನಿ ಅದರಲ್ಲಿದೆ. ಆದರೂ ಸೈನಿಕನ ಮನೆಯನ್ನು ಮಗುವಿನ ಕಣ್ಣಿನಿಂದ ನೋಡಿದ ಗುಣವನ್ನು ಮರೆಯಲಾಗದು.

ಈ ಬರಹಗಳಲ್ಲಿ ಯುದ್ಧವು ಮಗುವನ್ನು ಬೇಗ ದೊಡ್ಡದಾಗಿಸುತ್ತದೆ. ದೊಡ್ಡವರು ತಮ್ಮ ಕೆಲಸದಲ್ಲಿ ಸೋತದ್ದರಿಂದ ಮಗು ಆ ಕೆಲಸವನ್ನು ಹೊರಬೇಕಾಗುತ್ತದೆ. ರೂತ್ ತಾಯಿಯಾದದ್ದು ಸಾಧನೆಯೂ ಹೌದು, ನಷ್ಟವೂ ಹೌದು. ಓದುವ ಮಗುವಿಗೆ ಎರಡೂ ತಿಳಿಯುತ್ತವೆ. ಅಭಿಮನ್ಯುವಿನ ಕಥೆಯನ್ನು ನಾವು ಮಕ್ಕಳಿಗೆ ಹೇಳುವ ರೀತಿಯಲ್ಲಿ ಸಾಧನೆ ಮಾತ್ರ ಉಳಿದು ನಷ್ಟ ಜಾರಿಹೋಗಿದೆ.

ನಮ್ಮ ಹಳಗನ್ನಡದ ಅರಿವು

ಇದರಿಂದ ಕನ್ನಡ ಪರಂಪರೆಗೆ ಈ ಅರಿವು ಇರಲಿಲ್ಲವೆಂದು ಯಾರೂ ಭಾವಿಸಬಾರದು. ನಮ್ಮ ಪಕ್ಕದ ಮುಧೋಳ ಸೀಮೆಯಲ್ಲಿ ಹುಟ್ಟಿದ ರನ್ನ ಮಹಾಕವಿಯ ಗದಾಯುದ್ಧವನ್ನೇ ನೋಡಬಹುದು. ಸೋತು ಒಬ್ಬಂಟಿಯಾದ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಕಳೇಬರವನ್ನು ಕಾಣುತ್ತಾನೆ. ಶತ್ರುವಿನ ಮಗನಾದರೂ ಕೈಮುಗಿದು, ತನಗೂ ಅಂಥ ಮರಣ ಬರಲೆಂದು ಬಯಸುತ್ತಾನೆ. ಅನಂತರ ತನ್ನ ಮಗ ಲಕ್ಷಣಕುಮಾರನ ಹೆಣ ಎದುರಾಗುತ್ತದೆ. ಮಗನು ತಂದೆಗೆ ತರ್ಪಣ ಬಿಡುವುದು ಲೋಕದ ಕ್ರಮ, ಅದು ಇಲ್ಲಿ ತಲೆಕೆಳಗಾಯಿತೆಂದು ಅಲ್ಲಿ ಅವನು ಹಲುಬುತ್ತಾನೆ. ಎರಡು ಪಕ್ಷಗಳ ಇಬ್ಬರು ಬಾಲಕರನ್ನು ಒಬ್ಬನೇ ತಂದೆಯ ಕಣ್ಣ ಮುಂದೆ ಮಲಗಿಸಿದ ಕವಿಗೆ ಯುದ್ಧದ ಬೆಲೆ ತಿಳಿದಿರಲಿಲ್ಲವೆಂದು ಹೇಳಲಾಗದು. ಈ ಭಾಗವನ್ನು ನಾವು ಸ್ನಾತಕೋತ್ತರ ತರಗತಿಗೆ ಮೀಸಲಿಟ್ಟು, ಚಿಕ್ಕವರಿಗೆ ಚಕ್ರವ್ಯೂಹವನ್ನು ಮಾತ್ರ ಉಳಿಸಿದೆವು.

ಅದೇ ರನ್ನನು ಕ್ರಿ.ಶ. 993ರ ಅಜಿತಪುರಾಣದಲ್ಲಿ ತನ್ನ ಆಶ್ರಯದಾತೆ ಅತ್ತಿಮಬ್ಬೆಯ ಬದುಕನ್ನು ಹೇಳಿದ್ದಾನೆ. ಅಕ್ಕತಂಗಿಯರಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ನಾಗದೇವನ ಮಡದಿಯರು. ನಾಗದೇವನು ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಅವಳನ್ನು ನಾವು ದಾನಚಿಂತಾಮಣಿಯೆಂದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದವಳೆಂದು ಕೊಂಡಾಡುತ್ತೇವೆ. ಒಂದೇ ದಿನಮಾನದಲ್ಲಿ ತಂದೆಯನ್ನೂ ಚಿಕ್ಕಮ್ಮನನ್ನೂ ಕಳೆದುಕೊಂಡು, ಒಬ್ಬಳೇ ತಾಯಿಯ ಕೈಯಲ್ಲಿ ಬೆಳೆದ ಹುಡುಗನ ಕಡೆಯಿಂದ ಈ ಕಥೆಯನ್ನು ಮಕ್ಕಳಿಗೆ ಹೇಳಿದರೆ ಅದು ಬೇರೆಯೇ ಆಗುತ್ತದೆ. ಆ ಹುಡುಗ ಅಣ್ಣಿಗದೇವನು ಮುಂದೆ ಪಡೆವಳ ತೈಲನೆನಿಸಿಕೊಂಡನು. ಪಡೆವಳ ಎಂದರೆ ಸೇನಾಪತಿ. ತಂದೆಯನ್ನು ನುಂಗಿದ ವೃತ್ತಿಯೇ ಮಗನಿಗೂ ಬಂದಿತು. ಅವನನ್ನು ದಂಡಿಗೆ ಕಳಿಸಿದ ಮೊದಲ ದಿನ ಆ ತಾಯಿಯ ಮನಸ್ಸು ಹೇಗಿದ್ದಿರಬಹುದೆಂಬುದನ್ನು ಶಾಸನಗಳು ಹೇಳುವುದಿಲ್ಲ. ಹೇಳುವುದು ಕಥೆಗಾರರ ಕೆಲಸ.

ಪಂಪನ ಆದಿಪುರಾಣದ ಭರತ ಬಾಹುಬಲಿಯರ ಪ್ರಸಂಗ ನಮ್ಮ ಮನೆಗಳಲ್ಲಿ ಅಜ್ಜಿಯರ ಬಾಯಿಂದ ಮಕ್ಕಳ ಕಿವಿಗೆ ಬಿದ್ದ ಕಥೆ. ಎರಡು ಸೇನೆಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬಂದು, ಜನರ ಸಾವು ಬೇಡ, ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೀರ್ಮಾನಿಸಿಕೊಳ್ಳಲೆಂದು ಒಪ್ಪಿಸುತ್ತಾರೆ. ಚಿಕ್ಕಂದಿನಲ್ಲಿ ನಾವು ಗೆದ್ದವರು ಯಾರೆಂದು ಮಾತ್ರ ಕೇಳುತ್ತಿದ್ದೆವು. ಆ ದಿನ ಕಾದಾಡದೆ ಮನೆಗೆ ಮರಳಿದ ಸಾವಿರಾರು ಸೈನಿಕರ ಮಕ್ಕಳನ್ನು ನೆನೆದರೆ, ಕಥೆಯ ಪುಣ್ಯದ ದೊಡ್ಡ ಪಾಲು ಆ ಮಂತ್ರಿಗಳಿಗೆ ಸೇರಬೇಕು.

ಬರೆಯಬೇಕಾದ ಕಥೆ

ಅಥಣಿಯ 1679ರ ಕಥೆಯನ್ನು ಕನ್ನಡದ ಕಿಶೋರರಿಗಾಗಿ ಯಾರಾದರೂ ಬರೆಯಬೇಕೆಂಬುದು ನನ್ನ ಆಸೆ. ಮರಾಠಿಯಲ್ಲಿ ಶಿವಾಜಿ ಸಾವಂತರು 1979ರಲ್ಲಿ, ಅಂದರೆ ಆ ಘಟನೆಗೆ ಸರಿಯಾಗಿ ಮುನ್ನೂರು ವರ್ಷವಾದಾಗ, ಸಂಭಾಜಿಯನ್ನು ಕುರಿತು 'ಛಾವಾ' ಬರೆದರು. ಗಡಿಭಾಗದವರಾದ ನಾವು ಎರಡೂ ಭಾಷೆಗಳನ್ನು ಓದುತ್ತೇವೆ. ರಾಜಕುಮಾರನ ಕಥೆ ದೊ��ೆತಾಗಿದೆ. ಪೇಟೆಯ ಕಥೆ ಉಳಿದಿದೆ.

ಅದನ್ನು ಬರೆಯುವವರು ಒಬ್ಬ ವ್ಯಾಪಾರಿಯ ಮಗಳನ್ನೋ, ನೇಕಾರನ ಮಗನನ್ನೋ ಆಯ್ದುಕೊಳ್ಳಬಹುದು. ತೆಲಸಂಗದ ಕಡೆ ಹೊಗೆ ಕಂಡ ಸಂಜೆಯಿಂದ ಆರಂಭಿಸಬಹುದು. ಏನನ್ನು ಹೊತ್ತುಕೊಳ್ಳಬೇಕು, ಏನನ್ನು ಬಿಡಬೇಕು, ಅಜ್ಜಿಯನ್ನು ಯಾರು ಎತ್ತಿಕೊಳ್ಳಬೇಕು, ಮೇಯಲು ಹೋದ ಆಕಳು ಮರಳುವವರೆಗೆ ಕಾಯಬೇಕೋ ಬೇಡವೋ ಎಂಬ ಪ್ರಶ್ನೆಗಳು ಆ ರಾತ್ರಿ ಪ್ರತಿ ಮನೆಯಲ್ಲಿಯೂ ಎದ್ದಿರಲೇಬೇಕು. ಬಾವಿಯ ದಂಡೆಯ ಮೇಲೆ ನಿಂತ ತಾಯಿಯೊಬ್ಬಳನ್ನು ಕಥೆ ತೋರಿಸಲಿ, ಆದರೆ ಅವಳ ಸಾವನ್ನು ಹಾಡಿ ಹೊಗಳದಿರಲಿ. ಆ ಹುಡುಗಿ ಬದುಕಿ ಉಳಿಯಲಿ. ಯಾರನ್ನೂ ಕೊಲ್ಲದೆ, ಯಾವ ಕೋಟೆಯನ್ನೂ ಗೆಲ್ಲದೆ, ತಮ್ಮನ ಕೈ ಬಿಡದೆ ನಡೆದದ್ದೇ ಅವಳ ಸಾಹಸವಾಗಲಿ. ಪೇಟೆ ಮತ್ತೆ ಎದ್ದ ಮೇಲೆ ಅವಳು ಮರಳಿ ಬಂದು ಸುಟ್ಟ ಗೋಡೆಯ ಮೇಲೆ ಹೊಸ ಮಣ್ಣು ಬಳಿಯಲಿ. ಅಥಣಿ ಮತ್ತೆ ಎದ್ದಿತೆಂಬುದಕ್ಕೆ ನಾವು ಇಲ್ಲಿರುವುದೇ ಸಾಕ್ಷಿ. ಆ ಏಳಿಗೆಯನ್ನು ಯಾವ ಸೇನಾಪತಿಯೂ ಮಾಡಲಿಲ್ಲ. ಅಂಜಿ ಓಡಿ, ಬದುಕಿ, ಮರಳಿ ಬಂದವರು ಮಾಡಿದರು.

ಇಂಥ ಕಥೆಯಿಂದ ಮಕ್ಕಳು ಹೇಡಿಗಳಾಗುತ್ತಾರೆಂಬ ಆಕ್ಷೇಪ ಬರಬಹುದು. ನಮ್ಮ ಜಿಲ್ಲೆಯ ಅನೇಕ ಹಳ್ಳಿಗಳಿಂದ ತರುಣರು ಸೈನ್ಯಕ್ಕೆ ಹೋಗುತ್ತಾರೆ, ಅವರ ಬಗೆಗೆ ನಮಗೆ ಅಭಿಮಾನವಿದೆ. ಆ ಮನೆಗಳ ಮಕ್ಕಳಿಗೆ ಶೌರ್ಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ರಾತ್ರಿ ಫೋನು ಸದ್ದಾದರೆ ಅವ್ವ ಯಾಕೆ ಬೆಚ್ಚುತ್ತಾಳೆಂಬುದು ಅವರಿಗೆ ಗೊತ್ತು. ತಮ್ಮ ಅಂಜಿಕೆ ನಾಚಿಕೆಯ ವಿಷಯವಲ್ಲವೆಂದು ಹೇಳುವ ಒಂದು ಪುಸ್ತಕ ಅವರಿಗೆ ಬೇಕಾಗಿದೆ.

ಉತ್ತರಕುಮಾರನ ಪಾಠವನ್ನು ನಾನು ಈಗಲೂ ಮಾಡುತ್ತೇನೆ, ತರಗತಿ ಈಗಲೂ ನಗುತ್ತದೆ. ನಗಲಿ, ಕುಮಾರವ್ಯಾಸನ ಹಾಸ್ಯಕ್ಕೆ ಅದು ಸಲ್ಲಬೇಕಾದ ಗೌರವ. ಆದರೆ ನಗು ನಿಂತ ಮೇಲೆ ಪಠ್ಯದಲ್ಲಿಲ್ಲದ ಎರಡು ಸಂಗತಿಗಳನ್ನು ಹೇಳುವ ರೂಢಿ ಮಾಡಿಕೊಂಡಿದ್ದೇನೆ. ಓಡಿಹೋಗಿ ನಗೆಗೀಡಾದ ಈ ಹುಡುಗ ಮುಂದೆ ಕುರುಕ್ಷೇತ್ರಕ್ಕೆ ಹೋದನು, ಯುದ್ಧದ ಮೊದಲನೆಯ ದಿನವೇ ಶಲ್ಯನ ಕೈಯಲ್ಲಿ ಮಡಿದನು. ಅವನ ತಂಗಿ ಉತ್ತರೆ ಅಭಿಮನ್ಯುವಿನ ಮಡದಿ. ಅಣ್ಣನೂ ಗಂಡನೂ ಸತ್ತ ಯುದ್ಧ ಮುಗಿದ ಮೇಲೆ ಅವಳು ಪರೀಕ್ಷಿತನನ್ನು ಹೆತ್ತಳು. ಇಷ್ಟು ಹೇಳಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನಾನು ಕೊಡಬೇಕಾಗಿದ್ದ ಉತ್ತರ ಅದು. ಆಕೆ ಈಗ ಎಲ್ಲಿದ್ದಾಳೋ, ಈ ಲೇಖನ ಅವಳ ಕಣ್ಣಿಗೆ ಬಿದ್ದರೆ ತಡವಾದುದಕ್ಕೆ ಮನ್ನಿಸಲಿ.